ಅತಿಥಿಯನ್ನು ಮಾತಾಡಲು ಬಿಡಿ ಮಾರಾಯ್ರೆ

ನಿನ್ನೆ ರಾತ್ರಿ 11 ಗಂಟೆಗೆ ನಾನು, ಅಮ್ಮ ನಿದ್ದೆಗೆಟ್ಟು ಟಿವಿ ಮುಂದೆ ಕೂತಿದ್ದೆವು. ತುಳು ನಾಟಕದಿಂದ ಸಿನಿಮಾಕ್ಕೆ ಹೋದ ನಟರೊಬ್ಬರು ಟಾಕ್ ಶೋಗೆ ಬರುವವರಿದ್ದರು. ನಮ್ಮ ಉಡುಪಿ ಕಡೆಯವರು, ಆಸೆ ಇರುತ್ತದೆ ಅಲ್ವಾ?

ಅವರು ನಾಟಕದ ದಿನಗಳ ಬಗ್ಗೆ ಹೇಳಲು ಶುರು ಮಾಡಿದರು. ನಿರೂಪಕರು ನಡುವೆಯೇ ತಡೆದು, 'ಒಂದ್ಸಲ ಮಂಗಳೂರು ಕನ್ನಡ ಮಾತಾಡಿ' ಅಂದರು. ಪಾಪ, ಅವರು 'ಎಂಥ ಮಾರಾಯ್ರೆ' ಅಂದರು. ಕೂಡಲೇ ರೆಕಾರ್ಡ್ ಮಾಡಿದ ನಗು. ಆಮೇಲೆ ಹಾಸ್ಯ ಕಲಾವಿದರು ಬಂದು ಅದನ್ನೇ ಎಳೆದೆಳೆದು ಹತ್ತು ಸಲ ಹೇಳಿದರು. ನಾಟಕದ ಕಥೆ ಅಲ್ಲಿಗೇ ನಿಂತಿತು.

ನನಗೆ ತುಂಬಾ ಬೇಸರವಾಯಿತು. 'ಬರ್ತೇನೆ, ಹೋಗ್ತೇನೆ' ಅನ್ನುವುದು ನಮ್ಮ ದಿನನಿತ್ಯದ ಮಾತು. ಅದರಲ್ಲಿ ನಗುವಂಥದ್ದು ಏನಿದೆ? ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಎಷ್ಟೋ ಜನ ಶಾಲೆಯಲ್ಲಿ ಕನ್ನಡ ಕಲಿತವರು. ಹಾಗಾಗಿ ಪುಸ್ತಕದ ರೂಪ ನಾಲಿಗೆಯಲ್ಲಿ ಜಾಸ್ತಿ ಉಳಿದಿದೆ.

ಹಾಸ್ಯ ನಮಗೆ ಹೊಸತಲ್ಲ. ಯಕ್ಷಗಾನದ ಹಾಸ್ಯಗಾರರು ನಡುರಾತ್ರಿಯಲ್ಲೂ ಗದ್ದೆ ತುಂಬಾ ಜನರನ್ನು ನಗಿಸುತ್ತಾರೆ. ಬರೆದಿಟ್ಟ ಮಾತಿಲ್ಲ, ಎದುರು ಪಾತ್ರಧಾರಿ ಹೇಳಿದ್ದನ್ನು ಕಿವಿಗೊಟ್ಟು ಕೇಳಿ ಅಲ್ಲೇ ಉತ್ತರ ಕೊಡುತ್ತಾರೆ. ಟಿವಿಯವರು ಆ ಕೇಳುವ ಕೆಲಸವನ್ನೇ ಬಿಟ್ಟಿದ್ದಾರೆ. ಕರೆಸಿದ ಅತಿಥಿಗೆ ಐದು ನಿಮಿಷ ಸುಮ್ನೆ ಮಾತಾಡಲು ಬಿಟ್ಟರೆ ಏನು ಹೋಗುತ್ತದೆ? ಅಮ್ಮ ಅರ್ಧಕ್ಕೇ ಎದ್ದು ಮಲಗಿದರು.