ಸೋರುವ ಹಾಸ್ಟೆಲ್ಲಿಗೆ ಮ್ಯಾನೇಜ್‌ಮೆಂಟ್ ಪರಿಹಾರ

ದೇಶಕ್ಕೆಲ್ಲ ಮ್ಯಾನೇಜ್‌ಮೆಂಟ್ ಪಾಠ ಹೇಳುವ ಅಹಮದಾಬಾದಿನ ಐಐಎಂ, ತನ್ನ ಹಾಸ್ಟೆಲ್ ಸೋರಿದಾಗ ಏನು ಮಾಡಿತು ಗೊತ್ತಾ? ಹಾಸ್ಟೆಲ್ಲನ್ನೇ ಕೆಡವೋಣ ಅಂದಿತು. ನೆಗಡಿ ಬಂತೆಂದು ಮೂಗು ಕೊಯ್ಯುವುದಕ್ಕೂ ಈಗ ಎಂಬಿಎ ಬೇಕು.

ಇದರ ವಾಸ್ತುಶಿಲ್ಪಿ ಲೂಯಿ ಕಾನ್. ಎಸ್ಟೋನಿಯಾದ ಬಡ ಯಹೂದಿ ಮನೆಯ ಹುಡುಗ, 1906ರಲ್ಲಿ ಅಮೆರಿಕಕ್ಕೆ ವಲಸೆ ಬಂದವರು. ಮೂಕಿ ಸಿನಿಮಾಗಳಿಗೆ ಪಿಯಾನೊ ನುಡಿಸಿ ಕಾಸು ಸಂಪಾದಿಸಿದ್ದರು. ಅವರು ಅಹಮದಾಬಾದಿಗೆ ಬಂದಿದ್ದು ಇಲ್ಲಿನ ವಾಸ್ತುಶಿಲ್ಪಿ ಬಿ.ವಿ. ದೋಶಿಯವರಿಂದಾಗಿ. ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ದೋಶಿಯವರದೇ. ಅದು ಕಲ್ಲಿನದು, ಸದ್ಯ ಬಚಾವ್.

ಕಾನ್ ಇಟ್ಟಿಗೆಯನ್ನು ಮಾತಾಡಿಸುತ್ತಿದ್ದರು. ನಿನಗೇನು ಬೇಕಪ್ಪಾ ಅಂದರೆ ಅದು ಕಮಾನು ಬೇಕು ಅಂತಿತ್ತಂತೆ. ಆಡಳಿತದವರೂ ಒಂದ್ಸಲ ಕೇಳಿದ್ದರೆ, 'ಸ್ವಾಮಿ, ಮೊದಲು ನೀರು ನಿಲ್ಲಿಸಿ' ಅಂತಿತ್ತು.

2020ರ ಡಿಸೆಂಬರಿನಲ್ಲಿ ಸುದ್ದಿ ಹೊರಬಿತ್ತು. 18 ಹಾಸ್ಟೆಲ್ ಕಟ್ಟಡಗಳಲ್ಲಿ 14 ನೆಲಸಮ ಮಾಡುವುದಂತೆ. ತೇವ, ಬಿರುಕು, 2001ರ ಭೂಕಂಪದ ಪೆಟ್ಟು, ಇಟ್ಟಿಗೆಯೂ ಅಷ್ಟಕ್ಕಷ್ಟೆ ಎಂದು ಕಾರಣ ಕೊಟ್ಟರು. ಸುಳ್ಳಲ್ಲ. ಗೋಡೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಇಟ್ಟಿಗೆ ಬಿರಿಯುತ್ತದೆ, ಪ್ಲಾಸ್ಟರ್ ಇಲ್ಲದ ಗೋಡೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಆದರೆ ಅದೇ ಆವರಣದಲ್ಲಿ, ಅದೇ ಇಟ್ಟಿಗೆಯ ಲೈಬ್ರರಿಯನ್ನು ರಿಪೇರಿ ಮಾಡಿಸಿದ್ದಕ್ಕೆ 2019ರಲ್ಲಿ ಯುನೆಸ್ಕೊ ಪ್ರಶಸ್ತಿ ಬಂದಿತ್ತಲ್ವಾ? ಸೋರುವುದನ್ನು ನಿಲ್ಲಿಸಬಹುದು ಎಂದು ಜಗತ್ತಿಗೇ ತೋರಿಸಿದವರು ಮರುವರ್ಷವೇ ಅದನ್ನು ಮರೆತರು.

ಊರೆಲ್ಲ, ಹೊರದೇಶದವರೂ ಸೇರಿ ಬೈದ ಮೇಲೆ 2021ರ ಜನವರಿ 1ರಂದು ಯೋಜನೆ ವಾಪಸ್. ಹೊಸ ವರ್ಷದ ಸಂಕಲ್ಪಗಳ ಆಯಸ್ಸು ಎಷ್ಟೆಂದು ನಿಮಗೆ ನಾನು ಹೇಳಬೇಕೆ? 2022ರ ನವೆಂಬರಿನಲ್ಲಿ ಆ ವಾಪಸಾತಿಯೂ ವಾಪಸ್.

ಅಂದಹಾಗೆ, 1974ರಲ್ಲಿ ಇದೇ ಅಹಮದಾಬಾದಿನಿಂದ ಮರಳುವಾಗ ಕಾನ್ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ತೀರಿಕೊಂಡರು. ಆ ನಿಲ್ದಾಣದ ಭವ್ಯ ಹಳೆಯ ಕಟ್ಟಡವನ್ನು ಅಮೆರಿಕದವರು ಅಷ್ಟರಲ್ಲಾಗಲೇ ಕೆಡವಿ ಮುಗಿಸಿದ್ದರು. ಈ ವಿದ್ಯೆಯಲ್ಲಿ ನಾವೇ ಮೊದಲಿಗರೇನಲ್ಲ, ಬಿಡಿ.

2022ರಲ್ಲಿ ಐಐಎಂ ಹೇಳಿದ ಹೊಸ ಉಪಾಯ ಇನ್ನೂ ಚೆಂದ: ಹೊರಮುಖ ಹಾಗೇ ಇಟ್ಟು ಒಳಗೆಲ್ಲ ಹೊಸದಾಗಿ ಕಟ್ಟುವುದಂತೆ. ಘಟಿಕೋತ್ಸವದ ಫೋಟೊಗೆ ಹಿಂದೆ ಕೆಂಪು ಇಟ್ಟಿಗೆ ಬೇಕಲ್ಲ! ಅಲ್ಲಿನ ಅಂಗಳಕ್ಕಂತೂ 'ಲೂಯಿ ಕಾನ್ ಪ್ಲಾಜಾ' ಎಂದೇ ಹೆಸರು. ಹೆಸರು ಸೋರುವುದಿಲ್ಲ ನೋಡಿ, ಅದಕ್ಕೇ ಉಳಿದಿದೆ.