ಶಾರ್ಕ್ ನೋಡೋಕೆ ಬಂದವರು, ಪಾಚಿ ಉಜ್ಜೋಕೆ ಉಳಿದವರು

ಅಕ್ವೇರಿಯಂನಲ್ಲಿ ಸ್ಕೂಬಾ ಡೈವಿಂಗ್ ಮಾಡ್ತೀನಿ, ಅದೂ ಸಂಬಳ ಇಲ್ಲದೆ ಅಂದ ತಕ್ಷಣ ಜನ ಎರಡೇ ಪ್ರಶ್ನೆ ಕೇಳ್ತಾರೆ. ಶಾರ್ಕ್ ಕಚ್ಚಲ್ವಾ? ಪುಗಸಟ್ಟೆ ಯಾಕೆ ದುಡೀತೀರಿ? ಮೊದಲನೇದಕ್ಕೆ ನಿಂತಲ್ಲೇ ಉತ್ತರ ಕೊಡಬಹುದು. ಎರಡನೇದಕ್ಕೆ ಆಗಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಕಚ್ಚಲ್ಲ. ದೊಡ್ಡ ತೊಟ್ಟಿಗಳಲ್ಲಿ ಹೆಚ್ಚಾಗಿ ಇರೋ ಸ್ಯಾಂಡ್ ಟೈಗರ್ ಶಾರ್ಕ್ ನೋಡೋಕೆ ಭಯಂಕರ, ಬಾಯಿ ಮುಚ್ಚಿದ್ರೂ ಹಲ್ಲು ಹೊರಗೇ ಇರುತ್ತೆ. ಸ್ವಭಾವದಲ್ಲಿ ಮಾತ್ರ ಪರಮ ಸಾಧು. ನೀರಿನ ಮೇಲಕ್ಕೆ ಬಂದು ಗಾಳಿ ನುಂಗಿ, ಅದನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಆರಾಮಾಗಿ ತೇಲ್ತಾ ಇರುತ್ತೆ. ಕೋಲಿನ ತುದಿಗೆ ಮೀನು ಸಿಕ್ಕಿಸಿ ಸಮಯಕ್ಕೆ ಸರಿಯಾಗಿ ತಿನ್ನಿಸ್ತಾರೆ, ಹಾಗಾಗಿ ನಮ್ಮ ಗೊಡವೆ ಅದಕ್ಕಿಲ್ಲ. ನಾನು ಹೆದರೋದು ಅಂಗೈಯಷ್ಟೂ ಇಲ್ಲದ ಡ್ಯಾಮ್ಸೆಲ್ ಮೀನಿಗೆ. ಬಂಡೆಗೆ ಅಂಟಿಸಿದ ಮೊಟ್ಟೆಗಳನ್ನ ಗಂಡು ಕಾಯ್ತಾ ಇರುವಾಗ ಅದರ ಪಕ್ಕ ಬ್ರಷ್ ಹಾಕಿ ನೋಡಿ, ಕೈಗೆ, ಮಾಸ್ಕಿಗೆ, ಎಲ್ಲೆಂದರಲ್ಲಿ ನುಗ್ಗಿ ಬರುತ್ತೆ. ಟ್ರಿಗರ್ ಮೀನಿನ ವಿಷಯ ಕೇಳಲೇಬೇಡಿ. ಮುಳ್ಳಿನ ಚೆಂಡಿನ ಹಾಗೆ ಗಟ್ಟಿ ಚಿಪ್ಪಿರೋ ಸೀ ಅರ್ಚಿನ್ ಒಡೆದು ತಿನ್ನೋ ಹಲ್ಲು ಅದರದ್ದು, ನಮ್ಮ ಬೆರಳು ಯಾವ ಲೆಕ್ಕ!

ಇನ್ನು ಕೆಲಸ. ಮುಕ್ಕಾಲು ಪಾಲು ಪಾಚಿ ತೆಗೆಯೋದೇ. ತೊಟ್ಟಿ ಚೆನ್ನಾಗಿ ಕಾಣಲಿ ಅಂತ ಹಾಕಿರೋ ದೀಪಕ್ಕೆ, ಮೀನು ತಿಂದು ಬಿಟ್ಟ ಗಲೀಜಿಗೆ, ಪಾಚಿ ಮತ್ತೆ ಮತ್ತೆ ಬೆಳೆಯುತ್ತೆ. ಇದನ್ನ ಉಜ್ಜೋದಕ್ಕೇನು ಮಹಾ ಅಂದುಕೊಳ್ಳೋರು ಒಂದು ಸಲ ಕಿಟಕಿ ಉಜ್ಜಬೇಕು. ದೊಡ್ಡ ತೊಟ್ಟಿಗಳ ಕಿಟಕಿ ಸಾಮಾನ್ಯವಾಗಿ ಗಾಜಿನದ್ದಲ್ಲ, ಅಕ್ರಿಲಿಕ್‌ದು. ಎಷ್ಟು ದಪ್ಪ ಮಾಡಿದ್ರೂ ತಿಳಿಯಾಗಿರುತ್ತೆ, ಪೆಟ್ಟು ತಡೆಯುತ್ತೆ, ಆದರೆ ಮೈ ಮಾತ್ರ ಮೆತ್ತಗೆ. ಒಂದೇ ಒಂದು ಮರಳಿನ ಕಣ ಪ್ಯಾಡಿಗೆ ಸಿಕ್ಕಿಕೊಂಡ್ರೆ ಸಾಕು, ಕೈ ಹೋದಷ್ಟು ದೂರ ಗೀರು ಬಿತ್ತು ಅಂತಲೇ ಲೆಕ್ಕ. ಆ ಗೀರಿನ ಮೇಲೆ ದೀಪದ ಬೆಳಕು ಬಿದ್ದಾಗ ನೋಡೋಕೆ ಬಂದವರ ಕಣ್ಣಿಗೆ ಮೊದಲು ಹೊಡೆಯೋದು ಅದೇ. ಅದಕ್ಕೇ ಗಡಿಯಾರ, ಉಂಗುರ ಎಲ್ಲ ಬಿಚ್ಚಿಟ್ಟು ಇಳೀಬೇಕು. ಬಂಡೆ ಉಜ್ಜಿದ ಬ್ರಷ್ ಕಿಟಕಿಯ ಹತ್ತಿರ ಬರೋ ಹಾಗಿಲ್ಲ. ನಾಲ್ಕು ಸಲ ಒರೆಸಿ, ಪ್ಯಾಡ್ ತಿರುಗಿಸಿ, ಬೆರಳಾಡಿಸಿ ನೋಡಿ, ಮತ್ತೆ ಒರೆಸಬೇಕು. ಎಲ್ಲಕ್ಕಿಂತ ಕಷ್ಟ ಕಿಟಕಿಯ ಕೆಳಗಿನ ಅಂಚು. ಅಲ್ಲಿ ಅಕ್ರಿಲಿಕ್ಕಿಗೆ ಒರಗಿಕೊಂಡೇ ಮರಳಿನ ರಾಶಿ ಇರುತ್ತೆ. ಮೊದಲು ಕೈಯಿಂದ ನೀರು ಬೀಸಿ ಮರಳು ಹಿಂದೆ ಸರಿಸಬೇಕು, ಎದ್ದಿದ್ದು ಕೂರೋ ತನಕ ಕಾಯಬೇಕು, ಆಮೇಲೆ ಪ್ಯಾಡ್. ಆಚೆ ಕಡೆ ಮಗು ಕೈ ಬೀಸ್ತಾ ಇರುತ್ತೆ, ನಾವೂ ಬೀಸ್ತೀವಿ, ಅಷ್ಟರಲ್ಲಿ ಯಾವುದೋ ಮೀನು ಬಂದು ಸರಿಸಿದ ಮರಳನ್ನೆಲ್ಲ ಮತ್ತೆ ಎಬ್ಬಿಸಿಬಿಡುತ್ತೆ.

"ಏನ್ರೀ, ಎಂಟು ಹತ್ತು ಮೀಟರ್ ಆಳ, ಅದೂ ಒಂದು ಡೈವಾ?" ಅಂತ ಸಮುದ್ರದಲ್ಲೇ ಇಳಿಯೋ ಗೆಳೆಯರು ಕಾಲೆಳೀತಾರೆ. ಮೇಲಿಂದ 10 ಮೀಟರ್ ಇಳಿದ್ರೆ ಒತ್ತಡ ದುಪ್ಪಟ್ಟಾಗುತ್ತೆ, ತೇಲುವಿಕೆ ಹೊಂದಿಸಿಕೊಳ್ಳೋಕೆ ನಾವು ಹಾಕ್ಕೊಳ್ಳೋ ಜಾಕೆಟ್ಟಿನಲ್ಲಿರೋ ಗಾಳಿ ಅರ್ಧಕ್ಕೆ ಕುಗ್ಗುತ್ತೆ. ಅದೇ 30ರಿಂದ 40 ಮೀಟರಿಗೆ ಇಳಿದ್ರೆ ಕುಗ್ಗೋದು ಐದರಲ್ಲಿ ಒಂದು ಪಾಲು. ಅಂದ್ರೆ ತೇಲುವಿಕೆ ಹದದಲ್ಲಿ ಇಟ್ಟುಕೊಳ್ಳೋಕೆ ಅತಿ ಕಷ್ಟ ಇರೋದು ಈ ಮೇಲಿನ ಕೆಲವು ಮೀಟರಿನಲ್ಲೇ. ಅಲ್ಲೇ ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಬುಟ್ಟಿ ಹಿಡಿದು, ಹಿಂದಿರೋ ಹವಳಕ್ಕೆ ಕಾಲು ತಾಗದ ಹಾಗೆ, ಕೆಳಗೆ ಮರಳಲ್ಲಿ ಹೂತು ಮಲಗಿರೋ ತೊರಕೆ ಮೀನಿನ (ಸ್ಟಿಂಗ್‌ರೇ) ಮೇಲೆ ಮಂಡಿ ಊರದ ಹಾಗೆ ನಿಲ್ಲಬೇಕು. ಉಸಿರು ಬಿಗಿಹಿಡಿದು ಒಂದೆರಡು ಮೀಟರ್ ಮೇಲೆ ಬಂದ್ರೂ ಶ್ವಾಸಕೋಶಕ್ಕೆ ಏಟಾಗಬಹುದು, ಆಳ ಕಮ್ಮಿ ಅಂತ ಅದೇನೂ ರಿಯಾಯಿತಿ ಕೊಡಲ್ಲ. ಎಷ್ಟೋ ಅಕ್ವೇರಿಯಂಗಳು ರೆಸ್ಕ್ಯೂ ಡೈವರ್ ಸರ್ಟಿಫಿಕೇಟು, ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸೋದು), ಆಕ್ಸಿಜನ್ ಕೊಡೋ ತರಬೇತಿ, ವೈದ್ಯರ ಪತ್ರ ಎಲ್ಲ ಕೇಳೋದು ಸುಮ್ಮನೆ ಅಲ್ಲ.

ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 1984ರಲ್ಲಿ ಶುರುವಾಯ್ತು. ಅಲ್ಲಿನ ಕೆಲ್ಪ್ (ಮರದ ಹಾಗೆ ಎತ್ತರ ಬೆಳೆಯೋ ಕಡಲಪಾಚಿ) ಕಾಡಿನ ತೊಟ್ಟಿ 28 ಅಡಿ ಆಳ, ಕೆಲ್ಪ್‌ಗೆ ಬಿಸಿಲು ಬೇಕು ಅಂತ ಮೇಲ್ಭಾಗ ತೆರೆದೇ ಇದೆ. ಹಗಲು ಸೋಸಿದ ಸಮುದ್ರದ ನೀರು ಬಿಡ್ತಾರೆ, ನೋಡೋರಿಗೆ ಸ್ಪಷ್ಟವಾಗಿ ಕಾಣಲಿ ಅಂತ. ರಾತ್ರಿ ಸೋಸದೇ ಬಿಡ್ತಾರೆ. ಆ ನೀರಿನ ಜೊತೆ ಪ್ಲಾಂಕ್ಟನ್ (ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳು) ಬರುತ್ತೆ, ಮರಿ ಜೀವಿಗಳು ಬರ್ತವೆ, ಯಾರೂ ತಂದು ಹಾಕದ ಪ್ರಾಣಿಗಳು ಬಂಡೆ ಮೇಲೆ ತಾವೇ ಮನೆ ಮಾಡ್ಕೊಳ್ತವೆ. ಅಂಥ ತೊಟ್ಟಿ ತೊಳೆಯೋಕೆ ಇಳಿದವನು ಯಾವುದು ಕಸ, ಯಾವುದು ಜೀವ ಅಂತ ನೋಡಿ ಕೈ ಹಾಕಬೇಕು. ಅಲ್ಲಿ ಈ ಕೆಲಸಕ್ಕೆ ಇಳಿಯೋರಲ್ಲಿ ಸ್ವಯಂಸೇವಕರೂ ಇದ್ದಾರೆ.

ಈಗ ಪುಗಸಟ್ಟೆ ವಿಷಯ. ಟಿಕೆಟ್ ಮಾರಿ ನಡೆಸೋ ಜಾಗ ನಿಮ್ಮನ್ನ ಬಿಟ್ಟಿ ದುಡಿಸಿಕೊಳ್ಳುತ್ತೆ ಅಂತ ಹೇಳೋರ ಮಾತನ್ನ ನಾನು ತಳ್ಳಿಹಾಕಲ್ಲ. ನನ್ನ ಅಳತೆಗೋಲು ಇಷ್ಟೇ: ಸಂಬಳದ ಡೈವಿಂಗ್ ಸೇಫ್ಟಿ ಆಫೀಸರ್ ಇದ್ದಾರಾ? ಪ್ರಾಣಿಗಳ ಔಷಧ, ಆಹಾರ, ನೀರಿನ ಯಂತ್ರ ಇವೆಲ್ಲ ಸಂಬಳದವರ ಜವಾಬ್ದಾರಿಯಲ್ಲೇ ಇದೆಯಾ? ಇದ್ದರೆ ನಾನು ಹೆಚ್ಚುವರಿ ಕೈ, ಸಂತೋಷವಾಗಿ ಹೋಗ್ತೀನಿ. ಸಂಬಳದ ಡೈವರ್‌ಗಳನ್ನ ಮನೆಗೆ ಕಳಿಸಿ ಆ ಜಾಗಕ್ಕೆ ಸ್ವಯಂಸೇವಕರನ್ನ ತುಂಬಿಸಿದ್ರೆ ಅದು ಸೇವೆ ಅಲ್ಲ, ಖರ್ಚು ಉಳಿಸೋ ಉಪಾಯ. ಅಂಥ ಕಡೆ ಕಾಲಿಡಬೇಡಿ.

ಒಂದು ಕಡೆ (ಹೆಸರು ಬೇಡ) ಹೀಗಾಯ್ತು. ನಾವು ಇಳಿದಾಗ ದಡದಲ್ಲಿ ಒಬ್ಬರು ನಮ್ಮನ್ನೇ ನೋಡ್ತಾ ನಿಂತಿರಬೇಕು, ಆಕ್ಸಿಜನ್ ಕಿಟ್ ಪಕ್ಕದಲ್ಲೇ ಇರಬೇಕು, ಇದು ನಿಯಮ. ಅವತ್ತು ಜನ ಕಮ್ಮಿ ಇದ್ರು. "ಹತ್ತು ನಿಮಿಷದ ಕೆಲಸ, ನೀವಿಬ್ಬರೂ ಇಳಿದುಬಿಡಿ, ಒಬ್ಬರನ್ನೊಬ್ಬರು ನೋಡ್ಕೊಳ್ಳಿ" ಅಂದ್ರು ಅಲ್ಲಿನ ಮೇಲ್ವಿಚಾರಕರು. ನಾನು ಇಳೀಲಿಲ್ಲ. ಜೊತೆಗಿದ್ದವರು ಸ್ವಲ್ಪ ಹೊತ್ತು ಅವರ ಮುಖ, ನನ್ನ ಮುಖ ನೋಡಿ, ಕೊನೆಗೆ ಅವರೂ ಮುಳುಗೋಕೆ ಕಟ್ಟಿಕೊಂಡಿದ್ದ ತೂಕದ ಬೆಲ್ಟ್ ಬಿಚ್ಚಿದ್ರು. ಅವತ್ತು ಕಿಟಕಿ ಮಸುಕಾಗೇ ಇತ್ತು, ಅದರಿಂದ ಯಾರ ಗಂಟೂ ಹೋಗ್ಲಿಲ್ಲ. ನಮ್ಮ ಮೇಲೆ ಮುನಿಸಂತೂ ಬಹಳ ದಿನ ಇತ್ತು.

ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕಲ್ಲ. "ನಾನೇನು ಸಂಬಳಕ್ಕಿದ್ದೀನಾ" ಅಂತ ಸರದಿಯ ದಿನ ಬೆಳಿಗ್ಗೆ ಮೆಸೇಜ್ ಹಾಕಿ ಕೈ ಕೊಡೋರು ನಮ್ಮಲ್ಲಿ ಎಷ್ಟು ಜನ! ಒಂಟಿಯಾಗಿ ಇಳಿಯೋ ಹಾಗಿಲ್ಲ, ಹಾಗಾಗಿ ಇವರು ಬರದಿದ್ರೆ ಜೊತೆಗಾರನ ಡೈವೂ ಹೋಯ್ತು, ಮೀನಿನ ಊಟದ ಹೊತ್ತೂ ಏರುಪೇರು. ಇಂಥವರು ಸಾಮಾನ್ಯವಾಗಿ ಫೋಟೋಗೆ ಬಂದವರು. ಶಾರ್ಕ್ ಜೊತೆ ಒಂದು ಫೋಟೋ ಪ್ರೊಫೈಲ್‌ಗೆ ಏರಿದ ಮೇಲೆ ಉತ್ಸಾಹ ಇಳಿಯುತ್ತೆ. ಅಡುಗೆ ಕೋಣೆಯಲ್ಲಿ ಮೀನು, ಸ್ಕ್ವಿಡ್ ಹೆಚ್ಚಿ, ಕಿವಿರಿನ ಒಳಗೆ ವಿಟಮಿನ್ ಗುಳಿಗೆ ತುರುಕೋ ಸರದಿ ಬಂದಾಗ ಇವರ ಸುಳಿವೇ ಇರಲ್ಲ. (ಫ್ರೀಜರ್‌ನಲ್ಲಿಟ್ಟ ಮೀನಿನಲ್ಲಿ ಥಯಾಮಿನ್ (ವಿಟಮಿನ್ ಬಿ1) ಕಮ್ಮಿಯಾಗುತ್ತೆ, ಅದಕ್ಕೆ ಆ ಗುಳಿಗೆ. ಆ ವಾಸನೆ ಎರಡು ಸ್ನಾನಕ್ಕೂ ಹೋಗಲ್ಲ.)

ನಾನು ಯಾಕೆ ಬಿಡ್ತಿಲ್ಲ ಅಂದ್ರೆ, ಸಮುದ್ರದಲ್ಲಿ ಒಂದು ಮೀನನ್ನ ಒಂದು ಸಲ ನೋಡ್ತೀವಿ. ಇಲ್ಲಿ ಅದೇ ಮೀನು, ಅದೇ ಬಂಡೆ, ಮತ್ತೆ ಮತ್ತೆ. ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಅಕ್ವೇರಿಯಂಗೆ ಮರ್ಟಲ್ ಅನ್ನೋ ಹಸಿರು ಕಡಲಾಮೆ ಬಂದಿದ್ದು 1970ರಲ್ಲಿ. ಅದನ್ನ ನೋಡ್ಕೊಂಡ ಡೈವರ್‌ಗಳು ಬದಲಾಗ್ತಾ ಹೋದ್ರು, ಆಮೆ ಅಲ್ಲೇ ಉಳೀತು. ಅಷ್ಟು ದೊಡ್ಡ ಲೆಕ್ಕ ನನ್ನದಲ್ಲ. ಆದರೂ ಯಾವ ಈಲ್ (ಹಾವಿನಂಥ ಮೀನು) ಯಾವ ಬಿಲದಲ್ಲಿ ಮಲಗುತ್ತೆ, ಯಾವ ಗ್ರೂಪರ್ ಮೀನು ನಮ್ಮ ಉಸಿರಿನ ಗುಳ್ಳೆ ಕಂಡ್ರೆ ಹಿಂದೆ ಬರುತ್ತೆ ಅಂತ ಗೊತ್ತಾಗಿದೆ. ಒಂದು ದಿನ ಈಲ್ ತನ್ನ ಬಿಲ ಬಿಟ್ಟು ಬೇರೆ ಕಡೆ, ತಲೆ ಕೆಳಗಾಗಿ ಬಿದ್ದುಕೊಂಡಿತ್ತು. ಮೇಲೆ ಬಂದು ಹೇಳಿದೆ, ಪಶುವೈದ್ಯರು ಬಂದು ನೋಡಿದ್ರು. ನೀರೊಳಗೆ ಬರೆಯೋ ಸ್ಲೇಟಿನ ಮೇಲೆ ನಾನು ಬರೆದಿದ್ದು ಎರಡೇ ಸಾಲು, ಆದರೆ ದಿನವೂ ಅದನ್ನ ಕಾಣದವರಿಗೆ ಆ ಎರಡು ಸಾಲು ಬರೆಯೋಕೆ ಆಗ್ತಿರಲಿಲ್ಲ.

ಸೇರಬೇಕು ಅಂತ ಇನ್‌ಬಾಕ್ಸಿನಲ್ಲಿ ಕೇಳೋರಿಗೆ: ಕಿವಿ ಒಮ್ಮೆ ತೋರಿಸಿಕೊಳ್ಳಿ. ಆಳ ಕಮ್ಮಿ ಇದ್ರೂ ಕೆಲಸದ ಮಧ್ಯೆ ಹತ್ತೋದು ಇಳಿಯೋದು ಜಾಸ್ತಿ, ಪ್ರತಿ ಸಲ ಕಿವಿಯೊಳಗಿನ ಒತ್ತಡ ಸರಿ ಮಾಡಿಕೊಳ್ಳಬೇಕಾಗುತ್ತೆ. ನೆಗಡಿ ಇದ್ದ ದಿನ ಇಳಿಯೋ ಸಾಹಸ ಮಾಡಬೇಡಿ. ಅವತ್ತು ಹೋಗಿ ಮೀನು ಹೆಚ್ಚಿ ಕೊಡಿ, ಮೂಗು ಕಟ್ಟಿದ್ರೆ ಆ ಕೆಲಸಕ್ಕೆ ಅನುಕೂಲವೇ.