ಜಾಗ ನಿಮ್ಮದಾ? ಅದನ್ನ ಮಾತ್ರ ಕೇಳಬೇಡಿ

ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಗೆ ಹೋಗಿ. ಖಾಲಿ ಸೈಟಿನ ಮಧ್ಯೆ, ಪಾರ್ಥೇನಿಯಂ ಗಿಡಗಳ ನಡುವೆ ಒಂದು ತಗಡಿನ ಬೋರ್ಡು ನಿಂತಿರುತ್ತದೆ. 'ಈ ಸ್ವತ್ತು ಮಾರಾಟಕ್ಕಿಲ್ಲ. ಅತಿಕ್ರಮ ಪ್ರವೇಶ ನಿಷೇಧಿಸಿದೆ.' ಕೆಳಗೆ ಮಾಲೀಕರ ಹೆಸರು, ಫೋನ್ ನಂಬರು. ಮಾರಾಟಕ್ಕಿರೋ ವಸ್ತುವಿಗೆ ಬೋರ್ಡು ಹಾಕೋದು ಸರಿ. ಮಾರಾಟಕ್ಕಿಲ್ಲ ಅಂತಲೂ ಬೋರ್ಡು ಹಾಕಬೇಕಾದ ಊರು ನಮ್ಮದು. ಹಾಕದಿದ್ದರೆ ಯಾರೋ ಪುಣ್ಯಾತ್ಮ ಅದನ್ನು ಇನ್ಯಾರಿಗೋ ಮಾರಿ, ರಿಜಿಸ್ಟ್ರೇಷನ್ನೂ ಮಾಡಿಸಿಕೊಟ್ಟು, ಹೋಟೆಲಿನಲ್ಲಿ ಊಟ ಹಾಕಿಸಿಕೊಂಡು ಹೋಗಿರುತ್ತಾನೆ.

ಅದು ಹೇಗೆ ಸಾಧ್ಯ, ಸರ್ಕಾರಿ ಕಚೇರಿಯಲ್ಲಿ ನೋಡೋದಿಲ್ವಾ ಅಂತ ಕೇಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುವುದು ಪತ್ರ. ಜಾಗ ಯಾರದು ಅನ್ನೋದು ಅಲ್ಲಿನ ವಿಷಯವೇ ಅಲ್ಲ. 1908ರ ನೋಂದಣಿ ಕಾಯ್ದೆ ಇರುವುದೇ ಹಾಗೆ. ಮೂಲಪತ್ರ ತೋರಿಸದೆ ನೋಂದಣಿ ಇಲ್ಲ ಅಂತ ತಮಿಳುನಾಡು ಒಂದು ನಿಯಮ ಮಾಡಿ ನೋಡಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ನೋಡುವ ಅಧಿಕಾರ ನೋಂದಣಿ ಅಧಿಕಾರಿಗೆ ಇಲ್ಲ ಎಂದಿತು. ಕಾಯ್ದೆ ಇರುವ ಹಾಗೆ ತೀರ್ಪು ಕೊಟ್ಟ ಕೋರ್ಟಿನ ತಪ್ಪೇನಿಲ್ಲ ಬಿಡಿ.

ಹಾಗಾದರೆ ದುಡ್ಡು ಯಾತಕ್ಕೆ? ಒಳ್ಳೆ ಪ್ರಶ್ನೆ. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಸ್ವತ್ತಿಗೆ 5% ಮುದ್ರಾಂಕ ಶುಲ್ಕ. ಅದರ ಬೆನ್ನ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 1% ಇತ್ತು, 2025ರ ಆಗಸ್ಟ್ 31ರಿಂದ 2% ಆಯಿತು. 60 ಲಕ್ಷದ ಸೈಟಿಗೆ ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಮೇಲೆ. ಶುಲ್ಕ ಡಬಲ್ ಆದಾಗ ಭರವಸೆಯೂ ಡಬಲ್ ಆಗಿರಬೇಕು ಅಂದುಕೊಂಡವರಿದ್ದಾರೆ. ಆಗಿದೆ. ಸೊನ್ನೆಯನ್ನು ಎರಡರಿಂದ ಗುಣಿಸಿದರೆ ಎಷ್ಟೋ ಅಷ್ಟು.

ಆದರೆ ಏನೂ ಪರೀಕ್ಷೆ ಮಾಡೋದಿಲ್ಲ ಅಂತ ಮಾತ್ರ ಹೇಳಬೇಡಿ, ಪಾಪ ತಟ್ಟುತ್ತದೆ. ನಿಮ್ಮ ಹೆಸರನ್ನು ಚಿನ್ನ ಒರೆಗೆ ಹಚ್ಚಿದ ಹಾಗೆ ಪರೀಕ್ಷಿಸುತ್ತಾರೆ. ಹಳೇ ಕ್ರಯಪತ್ರದಲ್ಲಿ 'ಎಂ. ರಾಮಣ್ಣ', ಪಾಲಿಕೆಯ ಖಾತಾದಲ್ಲಿ 'ರಾಮಣ್ಣ ಎಂ.', ಆಧಾರ್‌ನಲ್ಲಿ 'ರಾಮಯ್ಯ' ಅಂತಿದ್ದರೆ ಮುಗಿಯಿತು ಕಥೆ. ರಾಮಣ್ಣನವರು ನೋಟರಿ ಹತ್ತಿರ ಹೋಗಿ ಈ ಮೂವರೂ ತಾನೊಬ್ಬನೇ ಅಂತ ಪ್ರಮಾಣ ಮಾಡಬೇಕು. ಎಪ್ಪತ್ತು ವರ್ಷ ತಾನು ತಾನೇ ಆಗಿ ಬದುಕಿದ ಮನುಷ್ಯ, ತಾನು ತಾನೇ ಅಂತ ಛಾಪಾ ಕಾಗದದ ಮೇಲೆ ಬರೆದುಕೊಟ್ಟು, ಹೆಬ್ಬೆಟ್ಟು ಒತ್ತಿ, ಕ್ಯಾಮೆರಾ ಮುಂದೆ ಕಣ್ಣು ಬಿಟ್ಟು ಕೂರುತ್ತಾನೆ. ಅವನನ್ನು ಚೆನ್ನಾಗಿ ಬಲ್ಲೆ ಅಂತ ಸಾಕ್ಷಿ ಹಾಕುವವನು ಯಾರು? ಎಷ್ಟೋ ಸಲ ಪತ್ರ ಬರಹಗಾರರ ಅಂಗಡಿಯ ಹುಡುಗ. ಅವನು ಬೆಳಗ್ಗೆಯಿಂದ ಆ ಊರಿನ ಅರ್ಧ ಜನರನ್ನು ಚೆನ್ನಾಗಿ ಬಲ್ಲವನಾಗಿರುತ್ತಾನೆ. ಇನಿಷಿಯಲ್ ಹಿಂದುಮುಂದಾದರೆ ಫೈಲು ವಾಪಸ್. ಜಾಗವೇ ಬೇರೆಯವರದ್ದಾದರೆ? ಅದು ಸಿವಿಲ್ ಕೋರ್ಟಿನ ವಿಷಯ.

ಇನ್ನು ಆ ಪತ್ರದಲ್ಲಿ ನಿಮಗೆ ಏನೇನು ಕೊಟ್ಟಿದ್ದಾರೆ, ಒಮ್ಮೆ ಓದಿದ್ದೀರಾ? 'ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ'. ಶಾಸನಗಳ ಕಾಲದ ಮಾತು ಇದು, ಈಗಲೂ ಎಷ್ಟೋ ಕ್ರಯಪತ್ರಗಳಲ್ಲಿ ಕಟ್ ಪೇಸ್ಟ್ ಆಗಿ ಬರುತ್ತಿದೆ. ಐದನೇ ಮಹಡಿಯ ಎರಡು ಬೆಡ್‌ರೂಮ್ ಫ್ಲಾಟಿಗೂ ಹಾಕುತ್ತಾರೆ. ನಿಧಿಯನ್ನು ಎಲ್ಲಿ ಅಗೆಯಬೇಕು, ನಾಲ್ಕನೇ ಮಹಡಿಯವರ ಸೀಲಿಂಗಿನಲ್ಲಾ? ಸಿಕ್ಕಿದರೂ ಮೊದಲು ಸರ್ಕಾರಕ್ಕೆ ತಿಳಿಸಬೇಕು. ಜಲ ಅಂದರೆ ವಾರಕ್ಕೆ ಮೂರು ಟ್ಯಾಂಕರ್. ಪಾಷಾಣ, ಅಂದರೆ ಕಲ್ಲು, ಮಾತ್ರ ನಿಜಕ್ಕೂ ಸಿಕ್ಕಿದೆ, ಅಡುಗೆಮನೆಯ ಕಟ್ಟೆ ಮೇಲೆ ಕಪ್ಪಗೆ ಹೊಳೀತಾ ಇದೆ. ಎಂಟು ಭೋಗ ಬರೆದುಕೊಟ್ಟ ಪುಣ್ಯಾತ್ಮರು ಕಾರ್ ಪಾರ್ಕಿಂಗ್ ಬರೆಯೋದು ಮರೆತಿರುತ್ತಾರೆ.

ಸರಿ, ಸ್ವತ್ತಿನ ಹಳೇ ವ್ಯವಹಾರಗಳ ಪಟ್ಟಿ ಇರುವ ಋಣಭಾರ ಪತ್ರ, ಅದೇ ಇಸಿ, ತೆಗೆಸಿ ನೋಡೋಣ ಅಂತೀರಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ. ಆದರೆ ಇಸಿಗೆ ಗೊತ್ತಿರೋದು ನೋಂದಣಿಯಾದ ವ್ಯವಹಾರ ಮಾತ್ರ. ಅಜ್ಜ ಅರಳಿಕಟ್ಟೆ ಮೇಲೆ ಬಾಯಿಮಾತಲ್ಲಿ ಪಾಲು ಮಾಡಿದ್ದು ಅದಕ್ಕೆ ಗೊತ್ತಿಲ್ಲ. ವಂಶವೃಕ್ಷದಲ್ಲಿ ಬೇಕಂತಲೇ ಬಿಟ್ಟ ಅಕ್ಕತಂಗಿಯರು ಗೊತ್ತಿಲ್ಲ.

ಖಾತಾ ಇದೆಯಲ್ಲ? ಇದೆ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಬೆಂಗಳೂರಲ್ಲಿ ರಿಜಿಸ್ಟ್ರೇಷನ್ನೇ ಇಲ್ಲ. ಅದರಿಂದ ಕಳ್ಳ ರಿಜಿಸ್ಟ್ರೇಷನ್ನು ಮೊದಲಿನಷ್ಟು ಸುಲಭ ಅಲ್ಲ, ಅದು ನಿಜ, ಒಪ್ಪೋಣ. ಆದರೆ ಖಾತಾ ಅಂದರೆ ತೆರಿಗೆ ಕಟ್ಟೋದು ಯಾರು ಅನ್ನೋ ಲೆಕ್ಕ, ಮಾಲೀಕತ್ವದ ಪುರಾವೆ ಅಲ್ಲ ಅಂತ ಕೋರ್ಟುಗಳು ಹೇಳುತ್ತಲೇ ಬಂದಿವೆ. ನಿಯಮಕ್ಕೆ ಸರಿಹೊಂದದ ಸ್ವತ್ತಿಗೆ ಕೊಡುವ ಬಿ ಖಾತಾದ ಮಹಿಮೆಯಂತೂ ಕೇಳಲೇಬೇಡಿ. ನಿಮ್ಮ ಮನೆ ಕಾನೂನು ಪ್ರಕಾರ ಇಲ್ಲ, ತೆರಿಗೆ ಮಾತ್ರ ಟೈಮಿಗೆ ಸರಿಯಾಗಿ ಕಟ್ಟಿ. ಈಗ ಇನ್ನಷ್ಟು ದುಡ್ಡು ಕಟ್ಟಿದರೆ 'ಬಿ' ಅನ್ನೋದು 'ಎ' ಆಗುತ್ತದಂತೆ. ಮನೆ ಅದೇ, ಗೋಡೆ ಅದೇ, ಪಕ್ಕದ ಮೋರಿಯೂ ಅದೇ.

ಕೊನೆಗೆ ಲಾಯರ ಹತ್ತಿರ ಲೀಗಲ್ ಒಪೀನಿಯನ್. ಹತ್ತು ಪುಟ ಬರೆದು, 'ನಮ್ಮ ಮುಂದೆ ಹಾಜರುಪಡಿಸಿದ ದಾಖಲೆಗಳ ಆಧಾರದ ಮೇಲೆ ಮಾತ್ರ' ಅಂತ ಮುಗಿಸುತ್ತಾರೆ. ಪೇಪರಿನಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಕೊಡಿಸಿ ಅಂತಾರೆ, ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ಬರಲಿ ಅಂತ. ಆಕ್ಷೇಪಣೆ ಇರುವವರು ಆ ಪೇಪರು ತರಿಸುವುದಿಲ್ಲ.

ಇಷ್ಟು ಜನರಲ್ಲಿ 'ಈ ಜಾಗ ಇವರದೇ, ತಪ್ಪಾದರೆ ನಾನು ಹೊಣೆ' ಅಂತ ಬರೆದುಕೊಡುವವನು ಒಬ್ಬನೇ ಒಬ್ಬ. ನಿಮಗೆ ಮಾರಿದವನು. 'ಮುಂದೆ ಯಾವುದೇ ತಂಟೆ ತಕರಾರು ಬಂದರೂ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ' ಅಂತ ಕ್ರಯಪತ್ರದಲ್ಲಿ ಎದೆ ತಟ್ಟಿ ಹೇಳಿರುತ್ತಾನೆ. ತಕರಾರು ಬರುತ್ತದೆ. ಅವನ ಫೋನು ಸ್ವಿಚ್ ಆಫ್. ಲಾಯರ್ ನೋಟಿಸ್ ಕಳಿಸೋಣ ಅಂತ ಪತ್ರ ತೆಗೆದು ವಿಳಾಸ ಹುಡುಕುತ್ತೀರಿ. ಆಧಾರ್‌ನಲ್ಲಿದ್ದ ವಿಳಾಸವನ್ನೇ ಅಲ್ಲಿ ಇಳಿಸಿರುತ್ತಾರೆ. ಅಂದರೆ ಅವನು ನಿಮಗೆ ಮಾರಿದ ಮನೆಯದ್ದೇ. ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಹೋಗುತ್ತದೆ, ಎರಡು ದಿನಕ್ಕೆ ಪೋಸ್ಟ್‌ಮ್ಯಾನ್ ನಿಮ್ಮ ಬಾಗಿಲು ತಟ್ಟಿ, 'ಸಾರ್, ಇವರು ಇಲ್ಲೇ ಇದ್ದಾರಾ?' ಅಂತ ಕೇಳುತ್ತಾನೆ.